ಕಾಣದಾದದ್ದು

ದೀಪ ಆರಿಸು, ಅಸ್ತಿನಿ. ಮೂಲೆಯದನ್ನೂ.
ಪಂಪು ಓಡುತ್ತಿರಲಿ, ಅದರ ಸದ್ದಿಗೆ ಮೀನು ಒಗ್ಗಿವೆ.
ಕಳ್ಳನನ್ನು ಹಿಡಿಯುವವರ ಹಾಗೆ
ಟಾರ್ಚನ್ನು ಎದುರಿಂದ ಬಿಡಬೇಡ.
ಪಕ್ಕದಿಂದ, ಓರೆಯಾಗಿ,
ಮಲಗಿದ ಮಗುವಿಗೆ ಜ್ವರ ಇಳಿಯಿತೇ ಎಂದು
ಅಂಗೈಯಲ್ಲಿ ದೀಪ ಮರೆಮಾಡಿ ನೋಡುತ್ತೇವಲ್ಲ, ಹಾಗೆ.

ಏಳನೇ ತೊಟ್ಟಿ. ನೀಲಿ ಮೀನು, ಹಳದಿ ಬಾಲ.
ಮೊನ್ನೆ ಬೊಂಡಾಲೆಮ್ ಕಡೆಯ ದೋಣಿಯಲ್ಲಿ ಬಂದದ್ದು.
ಮೈಮೇಲೆ ಬಿಳಿ ಇದೆ ಅಂದೆಯಲ್ಲ,
ಯಾವ ಬಿಳಿ?
ಉಪ್ಪು ಉದುರಿಸಿದ ಹಾಗಿದ್ದರೆ ಅದೊಂದು ಲೆಕ್ಕ:
ಹರಳು ಹರಳೂ ಬೇರೆ, ಎಣಿಸಬಹುದು.
ಜರಡಿ ಹಿಡಿದ ಹಿಟ್ಟಿನಂತೆ, ಅದೂ ತುಸು ಬಂಗಾರದ ಹಿಟ್ಟು,
ಕಿವಿರು ದಡಬಡ ಬಡಿಯುತ್ತಿದ್ದರೆ
ಬೆಳಗಾಗುವ ತನಕ ಕಾಯಬೇಡ, ನನ್ನನ್ನು ಎಬ್ಬಿಸು.
ರೆಕ್ಕೆಯಂಚಿಗೆ ಹೂಕೋಸಿನ ತುಣುಕು ಅಂಟಿದಂತಿದ್ದರೆ
ಎಬ್ಬಿಸಬೇಡ. ಅದು ನೋಡಲು ಕೆಟ್ಟದ್ದು, ಅಷ್ಟೇ.
ಮೀನು ಅದರ ಜೊತೆ ಬಾಳುತ್ತದೆ,
ಕೊಳ್ಳುವವರು ಬಾಳಗೊಡುವುದಿಲ್ಲ.

ಉದ್ದ ಗೀರಾದರೆ ಬಲೆಯದು.
ಗಿಡ್ಡ, ಆಳದ ಗೀರಾದರೆ ಪಕ್ಕದ ಮೀನಿನದು:
ಇವಕ್ಕೆ ಬಾಲದ ಬುಡದಲ್ಲಿ ಚೂರಿ ಇದೆ,
ನನ್ನ ಹೆಬ್ಬೆರಳನ್ನು ಕೇಳು.
ಮಾಸಲು ತೇಪೆಗಳಾದರೆ ಏನೂ ಅಲ್ಲ.
ಮಲಗುವಾಗ ಬಣ್ಣ ಕಳಚಿಡುತ್ತವೆ
ನಾವು ಓಲೆ ತೆಗೆದಿಡುವ ಹಾಗೆ,
ಬೆಳಕು ಬಿದ್ದರೆ ಮತ್ತೆ ತೊಟ್ಟುಕೊಳ್ಳುತ್ತವೆ.
ಮೊದಲ ವರ್ಷ ನಾನು ಆ ನಿದ್ದೆಗೆ ಔಷಧಿ ಹಾಕಿದ್ದೆ.
ತಾಮ್ರದ ನೀರಲ್ಲಿ ಹನ್ನೊಂದು ಮೀನು.
ಮಾಲೀಕ ಸಂಬಳದಲ್ಲಿ ಮುರಿದುಕೊಂಡ.

ಈಗ ಕೇಳು, ಇದನ್ನು ಯಾರೂ ಹೇಳಿಕೊಡುವುದಿಲ್ಲ.
ಮೂರನೇ ದಿನಕ್ಕೋ ನಾಲ್ಕಕ್ಕೋ ಚುಕ್ಕೆ ಮಾಯ.
ಮೈ ಹೊಳೆಯುತ್ತದೆ, ಸೀಗಡಿ ತಿನ್ನುತ್ತದೆ,
ಗೆದ್ದೆ ಅಂದುಕೊಂಡು ನೀನು ಕಾಫಿಗೆ ಹೋಗುತ್ತೀ.
ವಾಸಿಯಾದದ್ದಲ್ಲ ಅದು, ಇಳಿದದ್ದು.
ಹೊಟ್ಟೆ ತುಂಬಿ ಇಳಿದು, ತಳದಲ್ಲಿ ಕೂತು
ಒಂದಿದ್ದದ್ದು ನೂರಾಗುತ್ತಿರುತ್ತದೆ.
ಅದಕ್ಕೇ ಪುಸ್ತಕದಲ್ಲಿ ನಡುವೆ ಗೆರೆ ಎಳೆದಿದ್ದೇನೆ:
ಈಚೆ ಕಂಡದ್ದು, ಆಚೆ ಕಾಣದಾದದ್ದು.
ಆಚೆಯದನ್ನು ಖಾಲಿ ಬಿಡಬೇಡ.

ರೆದನಾ ಆಗ ಮೂವತ್ತಾರು ಮೀಟರು ಇಳಿಯುತ್ತಿದ್ದ,
ಟೈರಿಗೆ ಗಾಳಿ ತುಂಬುವ ಯಂತ್ರ ದೋಣಿಯಲ್ಲಿ,
ಹಳದಿ ಕೊಳವೆ ಹಲ್ಲಿನಲ್ಲಿ.
ಅವತ್ತು ಮೂರು ಸಲ.
ಮೂರನೆಯದು ಇಂಥದ್ದೇ ಒಂದು ನೀಲಿಗೆ.
ಸಂಜೆ ಬೆನ್ನು ಉಜ್ಜುವಾಗ ಕಂಡೆ,
ಎಡಭುಜದಿಂದ ಪಕ್ಕೆಯವರೆಗೆ
ಅಮೃತಶಿಲೆಯ ನರಗಳಂತೆ ನೀಲಿ ಕೆಂಪು ಜಾಲ.
ಜೆಲ್ಲಿಮೀನು ಸವರಿದ್ದು, ಅಂದ.
ಒತ್ತಿದೆ. ಬಿಳಿಚಿತು, ಮತ್ತೆ ತುಂಬಿತು.
ತುರಿಸುತ್ತಾ? ಸ್ವಲ್ಪ.
ಅಷ್ಟು ವರ್ಷ ಚರ್ಮ ಓದಿದವಳು ನಾನು,
ಅಂಥ ಚರ್ಮ ನನ್ನ ತೊಟ್ಟಿಗಳಲ್ಲಿ ಇರಲಿಲ್ಲ.
ಕೊಬ್ಬರಿ ಎಣ್ಣೆ ಹಚ್ಚಿದೆ.
ಊಟದ ಹೊತ್ತಿಗೆ ಒಂದು ಗೆರೆಯೂ ಇಲ್ಲ.
ನಕ್ಕೆವು ಕೂಡ.

ನಡುರಾತ್ರಿ, ಈ ಕಾಲು ನನ್ನದಲ್ಲ ಅಂದ.
ದೆನ್‌ಪಸಾರಿಗೆ ಹತ್ತಿರವೆಂದು
ಅಣ್ಣನ ಜೀಪು ಬೆಟ್ಟದ ದಾರಿ ಹಿಡಿಯಿತು.
ಕಿಂತಾಮಣಿಯ ತಿರುವುಗಳಲ್ಲಿ
ಮೇಲೇರಿದಷ್ಟೂ ಕೂಗಿದ.
ತಡವಾದರೂ ಸರಿ, ಸಮುದ್ರದಂಚಿನ ದಾರಿಯಲ್ಲಿ ಬರಬೇಕಿತ್ತಂತೆ,
ಆಳದಿಂದ ಬಂದವನನ್ನು ಎತ್ತರಕ್ಕೆ ಒಯ್ಯಬಾರದಂತೆ.
ಆಸ್ಪತ್ರೆಯ ಹುಡುಗ ಫಾರಂ ತುಂಬುತ್ತಾ ಹೇಳಿದ,
ತಲೆ ಎತ್ತದೆ ಕೇಳಿದ: ಮೈಮೇಲೆ ಗುರುತು ಏನಾದರೂ?
ಇಲ್ಲ, ಅಂದೆ.
ಆಗ ಇರಲಿಲ್ಲವಲ್ಲ.

ಹೊಸ್ತಿಲಲ್ಲಿ ಬಲೆ ಹೆಣೆಯುತ್ತಾ ಕೂರುತ್ತಾನೆ,
ದಿನಾ ಅವನ ಕಾಲು ದಾಟಿಯೇ ಒಳಗೆ ಬರುತ್ತೀ ನೀನು.

ಟಾರ್ಚು ಇನ್ನಷ್ಟು ಓರೆ ಮಾಡು.
ಕಣ್ಣಿನ ಹಿಂದೆ. ರೆಕ್ಕೆಯ ಬುಡ. ಎಷ್ಟು?
ನಾಲ್ಕು.
ನಿನ್ನೆ ಒಂಬತ್ತು ಬರೆದಿದ್ದೀ.
ಖುಷಿಪಡಬೇಡ.
ಉಳಿದ ಐದನ್ನು ಎಲ್ಲಿ ಬರೆಯುತ್ತೀ, ಹೇಳು.